ಸನ್ಮಾನದ ಪೇಟ

ನಾನು ಒಂದು ಮೈಸೂರು ಪೇಟ. ಮೇಲೆ ರೇಷ್ಮೆಯಂತೆ ಕಾಣುವ ಬಟ್ಟೆ, ಜರಿಯಂಚು. ಒಳಗೆ ಬರೀ ರಟ್ಟು. ಬೇರೆ ವಸ್ತುಗಳು ಯಜಮಾನರನ್ನು ಕೆಳಗಿನಿಂದ ನೋಡುತ್ತವೆ. ನಾನು ತಲೆಯ ಮೇಲೆ ಕೂತೇ ಬದುಕಿದೆ.

ಬೆಳಗಾವಿ ಕಡೆಯ ಯುವಕ ಮಂಡಳವೊಂದು ನನ್ನನ್ನು ಕೊಂಡಿತು. ಅದರ ಅಧ್ಯಕ್ಷ ಅಶೋಕ ಹಂಜಿ ಬಲು ಜಾಣ. ಎಂಟು ಜನರಿಗೆ ಸನ್ಮಾನವಿದ್ದರೂ ಪೇಟ ಮಾತ್ರ ನಾನೊಂದೇ. ತೊಡಿಸು, ಫೋಟೋ ತೆಗೆಸು, ಕಿತ್ತು ಮುಂದಿನವರಿಗೆ ಹಾಕು. ಸಿಮೆಂಟ್ ವ್ಯಾಪಾರಿಯ ಎಣ್ಣೆತಲೆ, ನಿವೃತ್ತ ತಹಶೀಲ್ದಾರರ ಬೋಳುತಲೆ, ಎಲ್ಲ ಕಂಡಿದ್ದೇನೆ.

ಆ ಆಗಸ್ಟ್ ಹದಿನೈದರಂದು ಸುಬೇದಾರ್ ಸಂಗನಬಸಪ್ಪ ಕೌಜಲಗಿ ಬಂದರು. ಎದೆಯ ಮೇಲೆ ಏಳು ಪದಕ, ಮೊದಲನೆಯದು ವೀರಚಕ್ರ. ತಮಗೆ ಸನ್ಮಾನವೇ ಬೇಡ ಎಂದಿದ್ದರಂತೆ. ಯುದ್ಧದಲ್ಲಿ ತಮ್ಮ ಪಕ್ಕದಲ್ಲೇ ಸತ್ತ ಮೂವರ ಹೆಸರನ್ನು ಮೈಕಿನಲ್ಲಿ ಹೇಳಲು ಬಿಟ್ಟರೆ ಬರುತ್ತೇನೆಂದು ಒಪ್ಪಿದ್ದರಂತೆ. ಹಂಜಿ ಹೂಂ ಅಂದಿದ್ದ. ಮೂರು ತಾಸು ಅವರು ವೇದಿಕೆಯ ಮೂಲೆಯಲ್ಲಿ ನೆಟ್ಟಗೆ ಕೂತು ಕಾದರು.

ಅವರ ಮಿಲಿಟರಿ ಟೊಪ್ಪಿಗೆ ತೆಗೆಸಿ, ಕುರ್ಚಿಯ ಮೇಲಿಟ್ಟು, ನನ್ನನ್ನು ತೊಡಿಸಿದರು. ಹಣೆಯ ಹಳೆಯ ಗಾಯದ ಗುಳಿ ನನ್ನ ರಟ್ಟಿಗೆ ತಾಗಿತು. ಸುಬೇದಾರರು ಮೈಕಿನ ಮುಂದೆ ನಿಂತು "ಸಿಪಾಯಿ ನಿಂಗಪ್ಪ ಮುಗಳಿ" ಎಂದು ಸೆಲ್ಯೂಟ್ ಹೊಡೆದರು. ಅಷ್ಟರಲ್ಲಿ ಮುಖ್ಯ ಅತಿಥಿಯ ಕಾರು ಬಂತು. ಹಂಜಿ ಓಡಿಬಂದ.

"ಅಜ್ಜಾರ, ಪೇಟಾ ಕೊಡ್ರಿ. ಸಾಹೇಬ್ರಿಗೆ ಹಾಕಬೇಕು."

"ತಡಿ ತಮ್ಮಾ. ಬರೇ ತಲೀಲೆ ಸೆಲ್ಯೂಟ್ ಹೊಡಿಯಾಂಗಿಲ್ಲ. ಇನ್ನಾ ಎರಡ ಹೆಸರ ಅದಾವ."

ಹಂಜಿ ಕೇಳಲಿಲ್ಲ. ಎರಡೂ ಕೈಯಿಂದ ನನ್ನನ್ನು ಎತ್ತಿಕೊಂಡ. ಎರಡನೆಯ ಹೆಸರಿಗೆಂದು ಎದ್ದ ಸುಬೇದಾರರ ಕೈ ಅರ್ಧದಲ್ಲೇ ಇಳಿಯಿತು. ಸೆಲ್ಯೂಟ್ ಇಲ್ಲದೆ ಆ ಹೆಸರುಗಳನ್ನು ಹೇಳುವ ಮನುಷ್ಯ ಅವರಲ್ಲ. ತಮ್ಮ ಟೊಪ್ಪಿಗೆಗಾಗಿ ಹಿಂದಿರುಗಿ ನೋಡಿದರು. ಅದರ ಮೇಲೆ ಯಾರೋ ಹಾರದ ಬುಟ್ಟಿ ಇಟ್ಟಿದ್ದರು. ಬುಟ್ಟಿ ಸರಿಸಿ ಅದನ್ನು ತೆಗೆಯುವಷ್ಟರಲ್ಲಿ ಮೈಕು ಬೇರೆಯವರ ಕೈ ಸೇರಿತ್ತು. ಅವರು ಮೆಟ್ಟಿಲಿಳಿದು ಹೋದರು, ಯಾರೂ ತಡೆಯಲಿಲ್ಲ.

ಸಾಹೇಬರು ನನ್ನನ್ನು ತೊಟ್ಟು ಯೋಧರ ತ್ಯಾಗದ ಬಗ್ಗೆ ಅರ್ಧ ಗಂಟೆ ಕೊರೆದರು. ಚಪ್ಪಾಳೆಯೋ ಚಪ್ಪಾಳೆ. ನನಗೆ ಹೇಸಿಗೆಯಾಯಿತು. ಆದರೆ ತಲೆಯಿಂದ ತಾನಾಗಿ ಇಳಿದುಹೋಗುವ ಭಾಗ್ಯ ಪೇಟಕ್ಕೆಲ್ಲಿದೆ?

ಈಗ ನನ್ನ ಜರಿ ಕಿತ್ತುಹೋಗಿದೆ. ಮಂಡಳದ ಕೋಣೆಯಲ್ಲಿ ಬಿದ್ದಿದ್ದೇನೆ, ನನ್ನೊಳಗೆ ಇಲಿ ಮರಿ ಹಾಕಿದೆ. ಹೋದ ವರ್ಷ ಸುಬೇದಾರರು ತೀರಿಕೊಂಡಾಗ ಮಂಡಳದವರು ಬ್ಯಾನರ್ ಕಟ್ಟಿದ್ದರು. ಆ ಬ್ಯಾನರೂ ಈಗ ಇಲ್ಲೇ ಸುತ್ತಿ ಬಿದ್ದಿದೆ. ಅದರಲ್ಲಿರುವುದು ಅವರು ನನ್ನನ್ನು ತೊಟ್ಟ ಫೋಟೋ. ನೋಡಿದವರು ಎಂಥ ಗೌರವ ಎಂದುಕೊಂಡಿರಬೇಕು.

ನಿಂಗಪ್ಪ ಮುಗಳಿಯ ಹೆಸರು ನನಗೆ ಗೊತ್ತು. ಉಳಿದಿಬ್ಬರು ಯಾರೆಂದು ಕೇಳೋಣವೆಂದರೆ, ಹೇಳುವವರು ಈಗ ಯಾರೂ ಇಲ್ಲ.