ಕೌದಿ ಹಿಡಿಸುವ ಬ್ಯಾಗು

ನಮ್ಮಪ್ಪ ಈ ಲೋಕದಲ್ಲಿ ನಂಬುತ್ತಿದ್ದದ್ದು ಒಂದನ್ನೇ, ತನ್ನ ಸೇರನ್ನು. ಅವ್ವನ ಪುಪ್ಪುಸದಲ್ಲಿ ನೀರು ತುಂಬಿದೆ, ಕಲಬುರಗಿಯಲ್ಲೇ ಅಡ್ಮಿಟ್ ಆಗಬೇಕು, ಎರಡು ವಾರವಾದರೂ ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದಾಗ ಅಪ್ಪ ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಸಾಮಾನು ಎಷ್ಟು ತರಬೇಕಾಗ್ತದ್ರಿ?” ಎಂದ. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಉತ್ತರ ಕೊಟ್ಟವಳು ಪಕ್ಕದಲ್ಲಿದ್ದ ನರ್ಸು. ಒಬ್ಬ ಪೇಷಂಟಿಗೆ ಒಂದೇ ಬ್ಯಾಗು, ಗಂಟು ಗಿಂಟು ಕಟ್ಟಿಕೊಂಡು ಬಂದರೆ ಗೇಟಿನಲ್ಲೇ ತಡೆಯುತ್ತಾರೆ ಎಂದಳು.

ಅಷ್ಟು ಸಾಕಾಯಿತು. ಅಪ್ಪನಿಗೆ ಅಳೆಯಲು ಏನೋ ಸಿಕ್ಕಿತು.

ಅಪ್ಪನ ಹೆಸರು ದೇವಿಂದ್ರಪ್ಪ. ಕಮಲಾಪುರ, ಮಹಾಗಾಂವ ಕಡೆಯ ಕಣಗಳಲ್ಲಿ ರಾಶಿ ಅಳೆಯುವುದು ಅವನ ಕಸುಬು. ಈಗ ಊರೂರಿಗೂ ತೂಕದ ಕಾಟಾ ಬಂದಿದೆ, ಸೇರು ಹಿಡಿದು ಚೀಲಗಟ್ಟಲೆ ಕಾಳು ಅಳೆಸುವ ಪುರುಸೊತ್ತು ಯಾರಿಗೂ ಇಲ್ಲ. ಆದರೂ ರಾಶಿಯ ಮೊದಲ ನಾಲ್ಕಾರು ಸೇರು ದೇವಿಂದ್ರಪ್ಪನ ಕೈಯಿಂದ ಬಿದ್ದರೇ ಸಮಾಧಾನ ಎನ್ನುವ ಮನೆಗಳು ಇನ್ನೂ ಇವೆ. ಕಣದಲ್ಲಿ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. ಮೊದಲ ಸೇರು ಸುರಿಯುವಾಗ ‘ಲಾಭ’ ಎನ್ನಬೇಕು, ಆಮೇಲೆ ಎರಡು, ಮೂರು. ಅಳತೆಯ ನಡುವೆ ಎದ್ದು ಹೋಗಬಾರದು. ಇದು ಕಣದ ಕಟ್ಟಳೆ. ಅಪ್ಪನಿಗೆ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹಾಕುವಾಗಲೂ ಅದೇ ಕಟ್ಟಳೆ. ನಾನು ಶಾಲೆಗೆ ಸೇರಿದ ಹೊಸದರಲ್ಲಿ ಲಾಭ, ಎರಡು, ಮೂರು ಎಂದು ಎಣಿಸಿ ಮಾಸ್ತರರಿಂದ ಏಟು ತಿಂದವಳು. ಭಾನುವಾರ ಬುದ್ಧವಿಹಾರದಲ್ಲಿ ಕೂತು ಪಂಚಶೀಲ ಹೇಳುವ ಮನುಷ್ಯ ಸೋಮವಾರ ಬೆಳಗ್ಗೆ ಕಾಳಿನ ಮುಂದೆ ಶಕುನ ಹಿಡಿದು ಕೂರುತ್ತಿದ್ದ. ಅವ್ವ ಅದಕ್ಕೆ ನಗುತ್ತಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಮಾರನೆಯ ದಿನ ಸಂಜೆ ನಾನು ಕೆಲಸ ಮುಗಿಸಿ, ಶರಣಬಸಪ್ಪನ ಗುಡಿ ಹತ್ತಿರದ ಕಾಲೇಜು ಆಫೀಸಿನಿಂದ ಹೊರಗೆ ಬಂದರೆ, ಗೇಟಿನ ಬದಿಯಲ್ಲಿ ಅಪ್ಪ ನಿಂತಿದ್ದ. ಕಾಲ ಬಳಿ ಅರ್ಧ ಚೀಲ ಜೋಳ. ಕಂಕುಳಲ್ಲಿ ಸೇರು.

“ಇದ್ಯಾಕಪ್ಪಾ?”

“ಬ್ಯಾಗ ತಗೋಬೇಕಲ್ಲವ್ವ. ನಡಿ, ಶಹಾಬಜಾರಕ್ಕ ಹೋಗೂಣು.”

ಕಮಲಾಪುರದಿಂದ ಬಸ್ಸಿನಲ್ಲಿ ಆ ಚೀಲವನ್ನು ಹೊತ್ತು ತಂದಿದ್ದ. ನಾನು ಬೈದೆ. ಬೈದು ಆಟೋ ಹಿಡಿದೆ. ಶಹಾಬಜಾರದ ಸಂದಿಯೊಳಗೆ ಆಟೋ ಹೋಗದೆ ಇಬ್ಬರೂ ಚೀಲದ ಒಂದೊಂದು ತುದಿ ಹಿಡಿದು ಮಕ್ಬೂಲನ ಅಂಗಡಿ ಮುಟ್ಟಿದೆವು. ನಮ್ಮ ಕಡೆಯವರೆಲ್ಲ ಬ್ಯಾಗು ಕೊಳ್ಳುವುದು ಮಕ್ಬೂಲನ ಬಳಿಯೇ. ಹರಿದರೆ ಹೊಲಿದೂ ಕೊಡುತ್ತಾನೆ.

“ಅರೆ ಚಾಚಾ, ಜ್ವಾಳ ಮಾರಾಕ ಬಂದೀರೇನು?” ಎಂದ ಮಕ್ಬೂಲ.

“ಬ್ಯಾಗ ನೋಡಾಕ ಬಂದೀನಿ. ಯಾವುದು ಹೆಚ್ಚು ಹಿಡೀತದ ಅದು ಬೇಕು.”

“ಎಲ್ಲಾದರ ಮ್ಯಾಲೂ ಲೀಟರ್ ಬರ್ದದ ನೋಡ್ರಿ. ಇದು ತೀಸ್, ಇದು ಪೈಂತೀಸ್.”

“ಲೀಟರ ಹಾಲಿಂದು, ಮಕ್ಬೂಲ. ಕಾಳಿಂದು ನಾ ನೋಡ್ತೇನಿ.”

ಅಂಗಡಿಯ ಮುಂದೆ ಗೋಣಿ ಹಾಸಿ ಕೂತೇಬಿಟ್ಟ. ಮಕ್ಬೂಲನಿಗೂ ಮಜಾ ಬಂದಿರಬೇಕು, ಬೆನ್ನಿಗೆ ಹಾಕುವ ಎರಡು ಬ್ಯಾಗು, ಕೈಯಲ್ಲಿ ಹಿಡಿಯುವ ಒಂದು ಉದ್ದನೆಯ ಬ್ಯಾಗು ತಂದು ಮುಂದಿಟ್ಟ. ಅಪ್ಪ ಮೊದಲನೆಯದರ ಬಾಯಿ ತೆರೆದು, ಸೇರು ತುಂಬಿ, ಅಂಗೈಯಿಂದ ಮೇಲ್ಭಾಗ ಸವರಿ, “ಲಾಭ” ಎಂದು ಸುರಿದ. ಸಂದಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ನನ್ನ ಆಫೀಸಿನವರು ಯಾರಾದರೂ ಈ ಕಡೆ ಬಂದಾರೆಂದು ನಾನು ಮುಖ ತಿರುಗಿಸಿ ನಿಂತೆ. ಒಂದು ಕಾಳೂ ಹೊರಗೆ ಬೀಳಲಿಲ್ಲ. ಅಳೆಯುವುದು, ಮತ್ತೆ ಚೀಲಕ್ಕೆ ಸುರಿಯುವುದು, ಮತ್ತೆ ಅಳೆಯುವುದು. ಕಾಳು ಒಳಗಿನ ಜೇಬು, ಕೆಳಗಿನ ಮೂಲೆ, ಬೆನ್ನಿನ ಕಡೆಯ ಸಂದು, ಎಲ್ಲಕ್ಕೂ ಹರಿದು ಕೂರುತ್ತಿತ್ತು. ಉದ್ದನೆಯ ಕೈಬ್ಯಾಗು ಇಪ್ಪತ್ತೆಂಟು ಸೇರಿಗೆ ತುಂಬಿ ನಿಂತಿತು. ನೀಲಿ ಬಣ್ಣದ ಬೆನ್ನಬ್ಯಾಗು ಮೂವತ್ತೊಂದು ಹಿಡಿಸಿತು.

ಅಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ. “ಇದೇ ಕೊಡು,” ಎಂದ. ಬಸ್ಸಿನಲ್ಲಿ ಆ ನೀಲಿ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, “ಇನ್ನ ನಿಮ್ಮವ್ವಗ ಯಾವುದಕ್ಕೂ ಕಡಿಮಿ ಬೀಳಂಗಿಲ್ಲ ನೋಡು,” ಎಂದ. ಬ್ಯಾಗು ಸರಿಯಾಗಿ ಸಿಕ್ಕಿತೆಂದರೆ ಅವ್ವ ಅರ್ಧ ವಾಸಿಯಾದಳು ಎಂಬ ಲೆಕ್ಕ ಅವನದು. ಆಗ ನನಗೆ ಅದು ನಗುವ ವಿಷಯವಾಗಿತ್ತು.

ಹೊರಡುವ ದಿನ ಬೆಳಗ್ಗೆ ಅವ್ವನ ಸಾಮಾನು ತುಂಬಲು ಕೂತೆವು. ಸೀರೆ, ಟವೆಲು, ಊಟದ ಡಬ್ಬಿ, ಚಂಬು, ಎಕ್ಸರೇ ಕವರು. ಎಲ್ಲಕ್ಕಿಂತ ಮೊದಲು ಕೌದಿ. ಅದು ಅವ್ವನ ಅವ್ವ ಮಾನಮ್ಮ ಹಳೆ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿದದ್ದು. ಒದ್ದೆಯಾದರೆ ಒಬ್ಬರಿಂದ ಎತ್ತಲಾಗದಷ್ಟು ಭಾರ. ಬೇಸಿಗೆಯಿರಲಿ ಚಳಿಯಿರಲಿ, ಮದುವೆಯಾಗಿ ಬಂದಾಗಿನಿಂದ ಅದನ್ನು ಹೊದೆಯದೆ ಅವ್ವ ಮಲಗಿದ್ದಿಲ್ಲ. ಕಾಯಿಲೆ ಶುರುವಾದ ಮೇಲಂತೂ ಹಗಲೂ ಮೈಮೇಲೆ ಅದೇ, ಅದಿದ್ದೂ ಚಳಿ ಎನ್ನುತ್ತಿದ್ದಳು.

ಕೌದಿ ನೀಲಿ ಬ್ಯಾಗಿನ ಬಾಯಿಯಲ್ಲೇ ಸಿಕ್ಕಿಕೊಂಡಿತು.

ಅಪ್ಪ ಮಡಿಕೆ ಬಿಚ್ಚಿ ಉದ್ದಕ್ಕೆ ಮಡಚಿದ, ಸುರುಳಿ ಸುತ್ತಿದ, ಮೊಣಕಾಲಿಟ್ಟು ಒತ್ತಿದ. ಆ ಬ್ಯಾಗಿಗೆ ಬಾಯಿ ಸಣ್ಣದು, ಒಳಗೆ ಅಡ್ಡಕ್ಕೆ ಹೊಲಿದ ಎರಡು ಪಾಲು. ಜೋಳಕ್ಕೆ ಅದು ಅಡ್ಡಿಯಾಗಿರಲಿಲ್ಲ. ಕಾಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಕೌದಿಗೆ ಆ ಗುಣ ಇಲ್ಲ. ಇಷ್ಟು ಸಣ್ಣ ವಿಷಯ ಸಂತೆಗೆ ಹೋಗುವ ಯಾವ ಹೆಣ್ಣುಮಗಳಿಗಾದರೂ ಹೊಳೆಯುತ್ತಿತ್ತು. ಆಯುಷ್ಯವಿಡೀ ಕಾಳು ಅಳೆದವನಿಗೆ ಹೊಳೆಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ನನಗೂ ಹೊಳೆಯಲಿಲ್ಲ, ನಾನು ಮುಖ ಮರೆಸಿಕೊಳ್ಳುವುದರಲ್ಲಿದ್ದೆ.

“ಮೂವತ್ತೊಂದು ಸೇರು ಹಿಡಿಸ್ಯಾದ ವಿಜಿ. ನೀನೇ ನೋಡೀದಿ. ಹಿಡಿಸ್ಯಾದಲ್ಲ!”

“ಅವ್ವ ಜ್ವಾಳ ಹೊದ್ದುಕೊಂಡು ಮಲಗ್ತಾಳೇನು?” ಎಂದು ಚೀರಿದೆ.

ಮನೆಯಲ್ಲಿದ್ದ ಹಳೆಯ ರೆಕ್ಸಿನ್ ಬ್ಯಾಗಿನ ಜಿಪ್ಪು ಹೋಗಿತ್ತು. ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಹತ್ತು ಗಂಟೆಯೊಳಗೆ ಹೋಗದಿದ್ದರೆ ಬೆಡ್ಡು ಬೇರೆಯವರಿಗೆ ಹೋಗುತ್ತದೆ ಎಂದಿದ್ದರು. ಅವ್ವ ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಾ, “ಬಿಡ್ರಿ ಇರ್ಲಿ. ಅಲ್ಲಿ ಹೊದಿಕಿ ಕೊಡ್ತಾರಂತ,” ಎಂದಳು. ಕೌದಿಯನ್ನು ಮಡಚಿ ಹೊರಸಿನ ಮೇಲಿಟ್ಟು ಬಂದೆವು.

ಅಲ್ಲಿ ಕೊಟ್ಟ ಹೊದಿಕೆ ತೆಳ್ಳಗಿತ್ತು. ವಾರ್ಡಿನಲ್ಲಿ ಎ.ಸಿ. ಬೇರೆ. ಕಡಿಮೆ ಮಾಡಿ ಎಂದರೆ ಇನ್ನೊಂದು ಬೆಡ್ಡಿನವರಿಗೆ ಸೆಕೆ. ನನ್ನ ಸ್ವೆಟರು, ಎರಡು ಸೀರೆ, ಟವೆಲು, ಎಲ್ಲ ಹೊದಿಸಿದೆ. ಅವ್ವ ದೂರುವ ಹೆಂಗಸಲ್ಲ. ಮೂರು ದಿನ ಏನೂ ಹೇಳದವಳು ನಾಲ್ಕನೆಯ ದಿನ ಬೆಳಗ್ಗೆ ಅಪ್ಪನ ಕೈ ಹಿಡಿದು, “ಕೌದಿ ಇದ್ದಿದ್ರ ಛಲೋ ನಿದ್ದಿ ಬರ್ತಿತ್ತು ನೋಡ್ರಿ,” ಎಂದಳು.

ಅಪ್ಪ ಆ ಕ್ಷಣವೇ ಎದ್ದ. ನೀಲಿ ಬ್ಯಾಗಿನಲ್ಲಿದ್ದದ್ದನ್ನೆಲ್ಲ ಬೆಡ್ಡಿನ ಕೆಳಗೆ ಸುರಿದು, ಖಾಲಿ ಬ್ಯಾಗು ಬೆನ್ನಿಗೆ ಹಾಕಿಕೊಂಡು ಕಮಲಾಪುರದ ಬಸ್ಸಿಗೆ ಹೋದ. ಹೋಗಿ ಬರಲು ಅರ್ಧ ದಿನ ಸಾಕು.

ಎರಡು ಗಂಟೆಯ ಹೊತ್ತಿಗೆ ಅವ್ವನ ಉಸಿರು ಬದಲಾಯಿತು. ನರ್ಸು ಓಡಿಬಂದಳು, ಡಾಕ್ಟರು ಬಂದರು, ಮೂಗಿಗೆ ದೊಡ್ಡ ಮಾಸ್ಕು ಹಾಕಿದರು. ನಾನು ಅಪ್ಪನಿಗೆ ಫೋನ್ ಮಾಡಿದೆ.

“ಎಲ್ಲಿದಿ?”

“ಶಹಾಬಜಾರದಾಗ ಇದೀನಿ, ಮಕ್ಬೂಲನ ಅಂಗಡ್ಯಾಗ. ಕೌದಿ ತಂದೀನಿ. ಬ್ಯಾಗ ಬದಲಿ ಮಾಡಾಕತ್ತೀನಿ.”

“ಬ್ಯಾಗ ಬಿಟ್ಟು ಬಾ! ಕೌದಿ ಹಂಗೇ ಎತ್ಕೊಂಡು ಬಾ!”

“ಗೇಟಿನಾಗ ಬಿಡಂಗಿಲ್ಲಲ್ಲವ್ವ. ಈ ಸಲ ಕೌದಿನೇ ಹಾಕಿ ನೋಡಾಕತ್ತೀನಿ. ಇನ್ನೊಂದು ನೋಡಿ ಬಂದೆ.”

ಅವ್ವನ ಉಸಿರಿನ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಎರಡೂ ಕೈ ಬ್ಯಾಗಿನೊಳಗೆ ಇರುವಾಗ ಅವನಿಗೆ ಏನೂ ಕೇಳಿಸುವುದಿಲ್ಲ. ಅಳತೆಯ ನಡುವೆ ಎದ್ದು ಬರುವವನೂ ಅಲ್ಲ.

ಅವ್ವ ಕಣ್ಣು ತೆರೆದಳು. ಮಾಸ್ಕಿನೊಳಗಿಂದ ಏನೋ ಅಂದಳು. ಬಗ್ಗಿ ಕಿವಿ ಇಟ್ಟೆ.

“ನಿಮ್ಮಪ್ಪ ಎಲ್ಲಿದಾನ?”

“ಬರಾಕತ್ತಾನವ್ವ. ಬ್ಯಾಗ ಬದಲಿ ಮಾಡ್ತೀನಿ ಅಂತ ಕೂತಾನ.”

“ಮತ್ತ ಅಳತಿ ಮಾಡಾಕತ್ತಾನೇನು?” ಅವ್ವನ ಕಣ್ಣಂಚಿನಲ್ಲಿ ಆ ಹಳೆಯ ನಗು ಬಂತು. “ಅಳೀಲಿ ಬಿಡು. ಬೈಬ್ಯಾಡ ಅವಂಗ.”

ಆಮೇಲೆ ಆಕೆ ಮಾತಾಡಲಿಲ್ಲ. ನಾನು ಅವ್ವನ ಪಾದಗಳನ್ನು ನನ್ನ ಅಂಗೈಗಳಿಂದ ತಿಕ್ಕುತ್ತಾ ಕೂತೆ. ಎಷ್ಟು ತಿಕ್ಕಿದರೂ ಬೆಚ್ಚಗಾಗಲಿಲ್ಲ. ನರ್ಸು ಬಂದು ನನ್ನ ಕೈ ಹಿಡಿದು ನಿಲ್ಲಿಸಿದಾಗ ನನಗೆ ತಿಳಿಯಿತು.

ಅದಾಗಿ ಸ್ವಲ್ಪ ಹೊತ್ತಿಗೆ ಅಪ್ಪ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಆ ಉದ್ದನೆಯ ಬ್ಯಾಗು, ಮೊದಲ ದಿನ ಇಪ್ಪತ್ತೆಂಟು ಸೇರಿಗೆ ಸೋತಿದ್ದು. ಗೇಟಿನವನು ತಡೆದಿರಲಿಲ್ಲ. ಬೆವರಿದ್ದ, ಮುಖದಲ್ಲಿ ಬೆಳಕಿತ್ತು. ಅಷ್ಟು ದೂರದಿಂದಲೇ ಬ್ಯಾಗನ್ನು ಎತ್ತಿ ತೋರಿಸಿದ.

“ವಿಜಿ, ಹಿಡಿಸ್ತು ನೋಡು! ಪೂರಾ ಹಿಡಿಸ್ತು. ಮ್ಯಾಲ ಇನ್ನೂ ಜಾಗಾ ಅದ.”

ಅವನನ್ನು ಹೊಡೆಯಬೇಕೆನಿಸಿತು. ಸುಳ್ಳು ಹೇಳುವುದಿಲ್ಲ, ಕೈಯೆತ್ತಿ ಕೆನ್ನೆಗೆ ಬಾರಿಸಬೇಕೆನಿಸಿತು. ಅವ್ವ ಬೈಯಬೇಡ ಎಂದಿದ್ದಳು, ಹೊಡೆಯಬೇಡ ಎಂದಿರಲಿಲ್ಲ. ನಾನು ಬೆಡ್ಡು ಕಾಣುವಂತೆ ಪಕ್ಕಕ್ಕೆ ಸರಿದು ನಿಂತೆ. ಅಪ್ಪ ನೋಡಿದ. ಬ್ಯಾಗು ಕೆಳಗಿಡಲಿಲ್ಲ. ನರ್ಸು ಮಾಸ್ಕು ತೆಗೆದು, ತಂತಿಗಳನ್ನೆಲ್ಲ ಬಿಡಿಸಿ ಹೋಗುವವರೆಗೂ ಹಾಗೇ ಹಿಡಿದುಕೊಂಡು ನಿಂತಿದ್ದ. ಕೊನೆಗೆ ನಾನೇ ಅವನ ಬೆರಳು ಬಿಡಿಸಿ, ಜಿಪ್ಪು ಎಳೆದು, ಕೌದಿ ತೆಗೆದು ಅವ್ವನಿಗೆ ಹೊದಿಸಿದೆ. ಆ ಕೌದಿಯ ಜೊತೆಗೇ ಮರುದಿನ ಆಕೆಯನ್ನು ಕಮಲಾಪುರದ ಮಣ್ಣಿಗೆ ಇಟ್ಟೆವು.

ಬ್ಯಾಗು ಮನೆಯ ಗೂಟಕ್ಕೆ ತೂಗುಬಿದ್ದಿತು. ಇಬ್ಬರೇ ಉಣ್ಣುತ್ತಿದ್ದೆವು. ಅವನು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನೇ ಬಿಟ್ಟ.

ತೊಗರಿ ರಾಶಿಯ ಹೊತ್ತಿಗೆ ಮಹಾಗಾಂವದ ಮಾಣಿಕಪ್ಪ ಮನೆಗೆ ಬಂದ. ಪ್ರತಿ ವರ್ಷ ಅವನ ಹೊಲದ ರಾಶಿಗೆ ಮೊದಲ ಸೇರು ಅಪ್ಪನದೇ. “ಕಾಟಾ ಆಮ್ಯಾಲ ಹಚ್ತೀವಿ ಕಾಕಾ, ನೀವೊಂದೀಟು ಕೈ ಹಚ್ಚಿ ಕೊಡ್ರಿ,” ಎಂದ. ಹೊರಗೆ ಹೋದರೆ ಮನಸ್ಸು ಹಗುರಾದೀತೆಂದು ನಾನೇ ಅಪ್ಪನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ.

ರಾಶಿಯ ಮುಂದೆ ಊದಿನಕಡ್ಡಿ ಹಚ್ಚಿದ್ದರು. ಮಾಣಿಕಪ್ಪನ ಮನೆಯವರೆಲ್ಲ ಕೈಮುಗಿದು ನಿಂತಿದ್ದರು. ಅಪ್ಪ ಮೊಣಕಾಲೂರಿ ಕೂತು, ಸೇರು ತುಂಬಿ, ಅಂಗೈಯಿಂದ ಸವರಿ, ಚೀಲದ ಬಾಯಿಗೆ ಹಿಡಿದ.

“ಒಂದು,” ಎಂದ.

ಕಾಳು ಚೀಲಕ್ಕೆ ಬಿತ್ತು. ಮಾಣಿಕಪ್ಪ ಮೆಲ್ಲಗೆ, “ಕಾಕಾ, ಲಾಭ ಅನ್ರಿ,” ಎಂದ. ಅಪ್ಪ ಅವನ ಕಡೆ ನೋಡಲಿಲ್ಲ. ಮತ್ತೆ ತುಂಬಿದ, ಮತ್ತೆ ಸವರಿದ.

“ಎರಡು.”

ಮಾಣಿಕಪ್ಪನ ಹೆಂಡತಿ ಮುಂದೆ ಬಂದು ಅಪ್ಪನ ಕೈಯಿಂದ ಸೇರು ತೆಗೆದುಕೊಂಡಳು. ಒರಟಾಗಿ ಅಲ್ಲ, ಮಗುವಿನ ಕೈಯಿಂದ ಗಾಜಿನ ಲೋಟ ತೆಗೆದುಕೊಳ್ಳುವ ಹಾಗೆ. ನಡುವೆ ನಿಂತ ಅಳತೆಯನ್ನು ಹಾಗೇ ಬಿಟ್ಟು ಅಪ್ಪ ಎದ್ದ. ಅವರು ಕೊಟ್ಟ ಚಹಾ ಕುಡಿಯಲಿಲ್ಲ.

ಸ್ಕೂಟಿ ಕಮಲಾಪುರದ ಹತ್ತಿರ ಬಂದಾಗ ಅಪ್ಪ ನನ್ನ ಬೆನ್ನ ಹಿಂದಿನಿಂದ ಕೇಳಿದ.

“ಮೊದಲ ದಿನಾನೇ ಕೌದಿ ಹಾಕಿ ನೋಡಬೇಕಿತ್ತಲ್ಲ ವಿಜಿ?”

ಇಲ್ಲಪ್ಪಾ, ಕೌದಿ ಇದ್ದಿದ್ದರೂ ಅವ್ವ ಉಳಿಯುತ್ತಿರಲಿಲ್ಲ, ಪುಪ್ಪುಸ ಪೂರ್ತಿ ಹೋಗಿತ್ತೆಂದು ಡಾಕ್ಟರೇ ಹೇಳಿದರು ಎನ್ನಬಹುದಿತ್ತು. ಅದು ನಿಜವೂ ಹೌದು. ಆದರೆ ನನ್ನ ಅಂಗೈಯಲ್ಲಿ ಇನ್ನೂ ಆ ತಣ್ಣನೆಯ ಪಾದಗಳಿದ್ದವು.

“ಹೌದಪ್ಪಾ,” ಎಂದೆ.