ಸದ್ದಿಲ್ಲದೆ ಬಂದ ಚಿಕ್ಕಮ್ಮನ ಕಾರು

ಚಿಕ್ಕಮ್ಮನ ಹಳೇ ಕಾರು ಹೊರಟರೆ ಮೂರು ಬೀದಿಯಾಚೆ ಮಲಗಿದ್ದ ಕೂಸುಗಳೂ ಎದ್ದು ಕೂರುತ್ತಿದ್ದವು. ಆ ಕಾರೆಂದರೆ ಅವಳಿಗೆ ಪ್ರಾಣ. ಅದನ್ನು ಮೋಟಾರು ರಿಪೇರಿ ಕಲಿಯುವ ಮಕ್ಕಳಿಗೆ ಒಪ್ಪಿಸಿದಾಗ ಚಿಕ್ಕಪ್ಪ ನಕ್ಕಿದ್ದ.

"ಇನ್ನು ಮೂಟೆ ಕಟ್ಕೊಂಡೇ ತರಬೇಕು ನೀನು. ಸಂಜೆಯೊಳಗೆ ತಾನಾಗಿ ಓಡಿ ಬರದಿದ್ರೆ ಗುಜರಿಗೆ."

ಮಕ್ಕಳು ಬಿಚ್ಚಿದ ಭರಾಟೆಗೆ ಅಂಗಳ ಸಾಲದೆ ಆಕಾಶದಲ್ಲೂ ನಟ್ಟು ಬೋಲ್ಟು ಹರಡಬೇಕಾಯಿತು. ಹೇಗೋ ಎಲ್ಲ ಮತ್ತೆ ಕೂಡಿಕೊಂಡಿತು. ಬ್ರೇಕು ಬಿಗಿದವರೇ ಮೊದಲ ಸವಾರಿಗೆ ಕೂರಬೇಕೆಂಬುದು ಅವರ ಮೇಷ್ಟ್ರ ಕಾನೂನು.

"ಯಾರ್ರಪ್ಪಾ ಬಿಗಿದಿದ್ದು?" ಎಂದಳು ಚಿಕ್ಕಮ್ಮ.

"ನಾನೂ ಒಂದು ಸುತ್ತು ಬಿಗಿದೆ, ಆಂಟಿ," ಎನ್ನುತ್ತ ಇಡೀ ತರಗತಿಯೇ ಒಳಗೆ ನುಗ್ಗಿತು.

ಕಾರು ಬೆಣ್ಣೆಯ ಮೇಲೆ ಜಾರಿದಂತೆ ಮನೆ ಸೇರಿತು. ಗೇಟಿನ ಬಳಿ ಚಿಕ್ಕಪ್ಪ ರಸ್ತೆಗೆ ಬೆನ್ನು ಹಾಕಿ ಫೋನಿನಲ್ಲಿದ್ದ. "ಗುಜರಿಯವರೇ, ಕಾರಿನ ಸದ್ದೇ ಇಲ್ಲ. ಅದರ ಕತೆ ಮುಗೀತು, ಬಂದ್ಬಿಡಿ."

ಅವನ ಹಿಂದೆ ಗೇಣು ದೂರದಲ್ಲಿ ಕಾರು ಗಪ್ಪನೆ ನಿಂತಿತು. ಚಿಕ್ಕಮ್ಮ ಹಾರ್ನ್ ಒತ್ತಿದಳು. ಚಿಕ್ಕಪ್ಪ ಮಹಡಿಯೆತ್ತರ ಹಾರಿ ಇಳಿದ.

"ರೀ, ಮೂಟೆ ಇಳಿಸ್ಕೊಳ್ಳಿ ಬನ್ನಿ," ಎಂದಳು ಚಿಕ್ಕಮ್ಮ. ಎಲ್ಲರೂ ಇಳಿದ ಮೇಲೂ ಡಿಕ್ಕಿಯಿಂದ ಇನ್ನಿಬ್ಬರು ಇಳಿದರು.