ನೀರು ಮಾರುವವನ ಮನೆಗೆ ನಲ್ಲಿ

ಮಸೂದ್ ಮಾಡಿನ ಮೇಲೆ ಕೂತು ಎರಡನೇ ತಗಡಿನ ಮೊಳೆ ಕೀಳುತ್ತಿದ್ದಾಗ ಅವನ ಹೆಂಡತಿ ಸಾಲ್ಕಾ ಸದ್ದಿಲ್ಲದೆ ಏಣಿ ತೆಗೆದು ಎದುರಿನ ಗೋಡೆಗೆ ಒರಗಿಸಿದಳು.

"ಏ, ಏಣಿ ಎಲ್ಲಿ?"

"ಇಲ್ಲೇ ಇದೆ. ಮಾತು ಮುಗಿದ ಮೇಲೆ ಕೊಡ್ತೀನಿ."

ನುವಾಕ್ಷೋತ್ ಪಟ್ಟಣ ಮರಳಿನೊಳಗೆ ಕಾಲು ಚಾಚಿದಂತೆಲ್ಲ ಇವರ ಸಂಸಾರವೂ ಸರಿಯುತ್ತ ಬಂದಿತ್ತು. ಮಸೂದ್ ಕತ್ತೆಗಾಡಿಯಲ್ಲಿ ಪೀಪಾಯಿ ಇಟ್ಟುಕೊಂಡು ನೀರು ಮಾರುವವನು. ಕೇರಿಗೆ ಕೊಳವೆ ಬಂತೆಂದರೆ ಮನೆ ಬಿಚ್ಚಿ ಗಾಡಿಗೇರಿಸುವುದು, ಊರಂಚಿಗೆ ಹೋಗಿ ಮತ್ತೆ ಕಟ್ಟುವುದು. ಮೊದಲ ಸಲ ಸಾಲ್ಕಾ ಹೊಸ ಮದುವಣಗಿತ್ತಿ, ನಗುನಗುತ್ತ ಹೊರಟಿದ್ದಳು. ಆಮೇಲಿನ ಸಲ ಕಂಕುಳಲ್ಲಿ ಮಗಳಿದ್ದಳು. ಈಗ ಆ ಮಗಳೇ ಮದುವೆಯಾಗಿ ಪಕ್ಕದ ಬೀದಿಯಲ್ಲಿದ್ದಾಳೆ. ತಾಯಿಯಿಂದ ಬಟ್ಟೆಗೆ ಬಣ್ಣ ಹಾಕುವುದನ್ನು ಕಲಿತಿದ್ದ ಸಾಲ್ಕಾಗೆ ಅದಕ್ಕೆ ಬೇಕಾದಷ್ಟು ನೀರು ಎಂದೂ ಸಿಕ್ಕಿರಲಿಲ್ಲ. ಮಾರಿ ಉಳಿದ ಪೀಪಾಯಿಯ ತಳದ ನೀರೇ ಗತಿ. ನಿನ್ನೆ ಕೊಳವೆಯವರು ಬಂದಾಗ ಗಂಡನನ್ನು ಕೇಳದೆಯೇ ಅಂಗಳದಲ್ಲಿ ಜಾಗ ತೋರಿಸಿ ನಲ್ಲಿ ಹಾಕಿಸಿಕೊಂಡಿದ್ದಳು.

"ನೀರು ಮಾರೋನ ಮನೇಲೇ ನಲ್ಲಿಯಾ? ಊರೆಲ್ಲ ಹಲ್ಲು ಕಿರೀತದೆ ಕಣೇ!"

"ಕಿರೀಲಿ. ಅವರ ಹಲ್ಲು, ಅವರ ಬಾಯಿ."

ಪಕ್ಕದ ಮನೆಯ ಎಂಬಾರ್ಕ ಅಜ್ಜಿ ಗೋಡೆಯ ಮೇಲಿಂದ ಇಣುಕಿದಳು. "ಏನೋ ಮಸೂದ, ಕೊಕ್ಕರೆ ಥರ ಮೇಲೆ ಕೂತಿದ್ದೀಯ?"

"ಇವಳನ್ನೇ ಕೇಳಜ್ಜಿ!"

"ಕೇಳೋದೇನು ಬಂತು, ಸರಿಯಾಗೇ ಮಾಡಿದ್ದಾಳೆ."

ಬಿಸಿಲೇರಿ ತಗಡು ಕಾಯತೊಡಗಿತು. ಮಸೂದ್ ಒಮ್ಮೆ ಆ ಕಾಲು ಮಡಚಿದ, ಒಮ್ಮೆ ಈ ಕಾಲು ಮಡಚಿದ. ಕೊನೆಗೆ ಅವನ ದನಿ ಇಳಿಯಿತು.

"ಸಾಲ್ಕಾ, ಇನ್ನು ಇಲ್ಲಿ ನನ್ನನ್ನ ಯಾರು ಕರೀತಾರೆ? ಬೆಳಗಾದ್ರೆ ನಾಕು ಜನ ಹೆಸರು ಹಿಡಿದು ಕೂಗ್ಬೇಕು ನಂಗೆ. ಇಲ್ದಿದ್ರೆ ಬದುಕಿದ್ದೀನಿ ಅಂತ್ಲೇ ಅನ್ಸಲ್ಲ."

ಇಷ್ಟು ವರ್ಷದಲ್ಲಿ ಅವನು ಈ ಮಾತು ಆಡಿರಲಿಲ್ಲ. ಸಾಲ್ಕಾ ಬಿಸಿಲಿಗೆ ಕೈ ಅಡ್ಡ ಹಿಡಿದು ತಲೆಯೆತ್ತಿ ಅವನನ್ನು ನೋಡಿದಳು.

"ಹೊಸ ಕೇರೀಲಿ ಕೂಗ್ತಾರೆ, ಹೋಗು. ಬೇಡ ಅಂದೋರ್ಯಾರು? ಪೀಪಾಯಿ ಇಲ್ಲೇ ತುಂಬ್ಕೋ, ಸರದೀಲಿ ನಿಲ್ಲೋ ಗೋಳಿಲ್ಲ. ಸಂಜೆ ವಾಪಸ್ ಬಾ. ಮನೆ ಮಾತ್ರ ಇಲ್ಲಿಂದ ಅಲ್ಲಾಡಲ್ಲ. ನಾನೂ ಅಲ್ಲಾಡಲ್ಲ."

"ಅಷ್ಟು ದೂರ ದಿನಾ ಕತ್ತೆ ನಡೆಯತ್ತಾ?"

"ಇಷ್ಟು ವರ್ಷ ನಾನು ನಡೀಲಿಲ್ವಾ?"

ಗೋಡೆಯಾಚೆ ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು. ಮಸೂದ್ ಮುಖ ಗಂಟಿಕ್ಕಿಕೊಳ್ಳಲು ನೋಡಿದ, ಆಗಲಿಲ್ಲ. ಕಿತ್ತಿಟ್ಟಿದ್ದ ಮೊಳೆಗಳನ್ನು ಒಂದೊಂದಾಗಿ ಹುಡುಕಿ ತಗಡಿಗೆ ಮತ್ತೆ ಹೊಡೆಯತೊಡಗಿದ. ಕೊನೆಯ ಮೊಳೆ ಗಟ್ಟಿಯಾಗಿ ಕೂತ ಸದ್ದು ಕೇಳಿದ ಮೇಲೆಯೇ ಸಾಲ್ಕಾ ಏಣಿ ತಂದಿಟ್ಟು, ಅವನು ಇಳಿಯುವವರೆಗೂ ಅದನ್ನು ಹಿಡಿದು ನಿಂತಳು.

ಮರುದಿನವೇ ಅವನು ಊರಂಚಿಗೆ ಗಾಡಿ ಹೊಡೆದ. ಸಾಲ್ಕಾ ದೊಡ್ಡ ಬೋಗುಣಿಗಳನ್ನು ತೊಳೆದು ಬಣ್ಣ ಕಲಸಿದಳು. ವಾರ ಕಳೆಯುವುದರೊಳಗೆ ಹೆಂಗಸರು ಬಟ್ಟೆಯ ಗಂಟು ಹಿಡಿದು ಬಾಗಿಲಿಗೆ ಬರತೊಡಗಿದರು.

ಒಂದು ಸಂಜೆ ಮಸೂದ್ ಹಿಂದಿರುಗಿದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಗ್ಗದಿಂದ ಹಗ್ಗಕ್ಕೆ ಒದ್ದೆ ಬಟ್ಟೆಗಳು ಜೋತಾಡುತ್ತಿದ್ದವು. ಅವನು ಗಾಡಿ ಬಿಚ್ಚಿ ಹೊರಗೇ ಬಿಟ್ಟು, ತಲೆ ತಗ್ಗಿಸಿ, ಕತ್ತೆಯನ್ನು ನಡುವಿನಿಂದ ನಡೆಸಿಕೊಂಡು ಹೋದ. ಆಚೆ ಬದಿಗೆ ಬಂದಾಗ ಕತ್ತೆಯ ಒಂದು ಕಿವಿ ಪೂರ್ತಿ ನೀಲಿಯಾಗಿತ್ತು.